ಹಡಗಿನ ಜನಜಂಗುಳಿ ಮತ್ತು ನಾವು ಇಪ್ಪತ್ತಮೂರು ಮಂದಿ

ಕಳೆದ ವರ್ಷದ ಯುಗಾದಿ ಸಮಾರಂಭ ಮುಗಿದು, ಸಭಾಂಗಣದ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿ, ಉಳಿದ ಒಬ್ಬಟ್ಟನ್ನು ಡಬ್ಬಿಗಳಿಗೆ ಹಂಚಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಈ ಪ್ರವಾಸದ ಮಾತು ಹುಟ್ಟಿತು. ನಮ್ಮ ಐದು ಕುಟುಂಬಗಳ ಪೈಕಿ ಎರಡು ಮನೆಗಳಿಗೆ ಬೇಸಿಗೆಯಲ್ಲಿ ಊರಿನಿಂದ ಹಿರಿಯರು ಬರುವವರಿದ್ದರು. ಒಂದು ಮನೆಗೆ ತಿಪಟೂರಿನ ಮೇಷ್ಟರು ಮತ್ತು ಅವರ ಪತ್ನಿ, ಇನ್ನೊಂದು ಮನೆಗೆ ಹುಬ್ಬಳ್ಳಿಯ ಕಾಕಾ ಮತ್ತು ಕಾಕು. ಮೇಷ್ಟರಿಗೆ ಎಪ್ಪತ್ತೆಂಟು ವರ್ಷ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಇತಿಹಾಸ ಕಲಿಸಿದವರು. ಒಂದು ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದಕ್ಕೆ ಆಗಬೇಕಾಗಿದೆ. "ಇದೇ ನಮ್ಮ ಕೊನೆಯ ಅಮೆರಿಕ ಪ್ರವಾಸ, ಇನ್ನು ಮೇಲೆ ಅಷ್ಟು ಹೊತ್ತು ವಿಮಾನದಲ್ಲಿ ಕೂರೋಕೆ ಆಗಲ್ಲಪ್ಪ" ಎಂದು ಅವರು ಫೋನಿನಲ್ಲಿಯೇ ಹೇಳಿಬಿಟ್ಟಿದ್ದರು.

ಇಂಥ ಹಿರಿಯರನ್ನೂ ಆರರಿಂದ ಹದಿನಾಲ್ಕರವರೆಗಿನ ಒಂಬತ್ತು ಮಕ್ಕಳನ್ನೂ ಒಟ್ಟಿಗೆ ಕರೆದೊಯ್ಯಲು ಹಡಗಿಗಿಂತ ಒಳ್ಳೆಯ ಉಪಾಯ ನಮಗೆ ತೋಚಲಿಲ್ಲ. ದಿನಕ್ಕೊಂದು ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವ ಗೋಳಿಲ್ಲ, ಅಡುಗೆಯ ಚಿಂತೆಯಿಲ್ಲ, ಮಕ್ಕಳಿಗೆ ಈಜುಕೊಳ, ಹಿರಿಯರಿಗೆ ಸಮುದ್ರದ ಗಾಳಿ. ನಮ್ಮ ಡಲ್ಲಾಸಿನಿಂದ ಐದು ಗಂಟೆ ಕಾರಿನಲ್ಲಿ ಹೋದರೆ ಗ್ಯಾಲ್ವೆಸ್ಟನ್ ಬಂದರು. ಅಲ್ಲಿಂದ ಏಳು ರಾತ್ರಿಗಳ ಯಾನ: ಎರಡು ದಿನ ಬರಿಯ ಸಮುದ್ರ, ಆಮೇಲೆ ಹೊಂಡುರಾಸಿನ ರೊವಾಟಾನ್, ಮೆಕ್ಸಿಕೋದ ಕೋಸ್ಟಾ ಮಾಯಾ ಮತ್ತು ಕೊಝುಮೆಲ್, ಮತ್ತೊಂದು ದಿನ ಸಮುದ್ರ, ಮರಳಿ ಗ್ಯಾಲ್ವೆಸ್ಟನ್.

ಮೇಷ್ಟರು ಈ ಪಟ್ಟಿಯಲ್ಲಿ ಒಂದೇ ಹೆಸರಿನ ಮೇಲೆ ಬೆರಳಿಟ್ಟರು. ಕೋಸ್ಟಾ ಮಾಯಾ ಬಂದರಿನಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಚಾಕ್ಚೊಬೆನ್ ಎಂಬ ಮಾಯಾ ಜನರ ಪ್ರಾಚೀನ ಸ್ಥಳವಿದೆ. ಅಲ್ಲಿಯ ಕಲ್ಲಿನ ಕಟ್ಟಡಗಳಲ್ಲಿ ಬಹಳಷ್ಟು ಕ್ರಿ.ಶ. 700ರ ಆಸುಪಾಸಿನವು. "ನಮ್ಮ ಚಾಲುಕ್ಯರು ಪಟ್ಟದಕಲ್ಲಿನಲ್ಲಿ ಗುಡಿ ಕಟ್ಟಿಸ್ತಿದ್ದ ಕಾಲ. ಅದೇ ಹೊತ್ತಿಗೆ ಇಲ್ಲಿ ಇವರು ಕಟ್ತಾ ಇದ್ದಾರೆ. ಇವರಿಗೆ ಅವರು ಗೊತ್ತಿಲ್ಲ, ಅವರಿಗೆ ಇವರು ಗೊತ್ತಿಲ್ಲ" ಎಂದು ಅವರು ಹೊರಡುವ ತಿಂಗಳ ಮುಂಚಿನಿಂದಲೇ ಮಕ್ಕಳಿಗೆ ಹೇಳುತ್ತಿದ್ದರು.

ನಾವು ಏಳು ಕೋಣೆಗಳನ್ನು ಕಾದಿರಿಸಿದೆವು. ಕೋಣೆಯೊಂದರಲ್ಲಿ ಮೊದಲಿಬ್ಬರಿಗೆ ಪೂರ್ಣ ದರ. ಮೂರನೆಯವರಿಗೂ ನಾಲ್ಕನೆಯವರಿಗೂ ಬಹಳ ಕಡಿಮೆ. ಗೋಡೆಯಿಂದಲೋ ಚಾವಣಿಯಿಂದಲೋ ಕೆಳಗಿಳಿಯುವ ಮೇಲ್ಮಂಚದಲ್ಲಿ ಮಕ್ಕಳು ಮಲಗುತ್ತಾರೆ. ಮಕ್ಕಳಿಗೆ ಹೆಚ್ಚುಕಡಿಮೆ ಬಂದರು ಶುಲ್ಕ ಮತ್ತು ದಿನದ ಟಿಪ್ಸ್ ಮಾತ್ರವೇ ಬಿದ್ದಂತಾಯಿತೆಂದು ನಾವು ಬಹಳ ಹಿಗ್ಗಿದೆವು. ಚಟ್ನಿಪುಡಿ, ಉಪ್ಪಿನಕಾಯಿ ಪೆಟ್ಟಿಗೆ ಸೇರಿದವು. ಶಾಲೆಗಳಿಗೆ ರಜೆ ಬಿದ್ದ ಮರುವಾರ, ಜೂನ್ ತಿಂಗಳಿನಲ್ಲಿ, ಇಪ್ಪತ್ತಮೂರು ಮಂದಿ ಹೊರಟೆವು.

ಜಾತ್ರೆಯ ಜನಜಂಗುಳಿ ನಮಗೇನೂ ಹೊಸದಲ್ಲ. ಆದರೂ ಹಡಗಿನ ಮೊದಲೆರಡು ದಿನ ನಮ್ಮನ್ನು ಕಂಗೆಡಿಸಿದವು. ಬೆಳಗಿನ ತಿಂಡಿಗೆ ಬಫೆ ಸಭಾಂಗಣದ ಬಾಗಿಲಿನಾಚೆಗೂ ಸಾಲು. ತಟ್ಟೆ ಹಿಡಿದು ಹತ್ತು ನಿಮಿಷ ಸುತ್ತಿದರೂ ಕುಳಿತುಕೊಳ್ಳಲು ಮೇಜಿಲ್ಲ. ಈಜುಕೊಳದಲ್ಲಿ ನೀರಿಗಿಂತ ಜನರೇ ಹೆಚ್ಚು ಕಾಣುತ್ತಿದ್ದರು. ಕೊಳದ ಸುತ್ತಣ ಒರಗುಕುರ್ಚಿಗಳ ಮೇಲೆಲ್ಲ ಟವೆಲು, ಪುಸ್ತಕ, ಒಂಟಿ ಚಪ್ಪಲಿ. ಮನುಷ್ಯರು ಮಾತ್ರ ಇಲ್ಲ. ಲಿಫ್ಟಿನ ಮುಂದೆ ಸದಾ ಒಂದು ಗುಂಪು. ಕಾಕಾ ಎರಡನೆಯ ದಿನ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನ್ ಮಂದಿಪಾ ಇದು! ಸಿದ್ಧಾರೂಢರ ತೇರಿನ್ಯಾಗೂ ಹಿಂಗ ನೂಕಾಟ ಇರಂಗಿಲ್ಲ" ಎಂದು ಉದ್ಗರಿಸಿದರು.

ನಾವೂ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಎರಡನೆಯ ದಿನವೇ ನಮ್ಮಲ್ಲಿಬ್ಬರು ಬೆಳಿಗ್ಗೆ ಆರು ಗಂಟೆಗೆ ಹೋಗಿ ಹನ್ನೆರಡು ಒರಗುಕುರ್ಚಿಗಳ ಮೇಲೆ ಟವೆಲು ಹಾಸಿ ಬಂದರು. ಊಟದ ಹೊತ್ತಿಗೆ ಒಬ್ಬರು ಮುಂದೆ ಹೋಗಿ ನಾಲ್ಕು ಮೇಜುಗಳನ್ನು ಜೋಡಿಸಿ, ಉಳಿದವರು ಬರುವ ತನಕ ಅರ್ಧ ಗಂಟೆ ಕಾಯುವುದು ಪದ್ಧತಿಯಾಯಿತು. ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು "ಬೇಗ ಬನ್ನಿ, ಬೇಗ ಬನ್ನಿ" ಎಂದು ಹಿಂದಿದ್ದವರನ್ನು ಕೂಗುವುದಂತೂ ನಮಗೆ ಮೊದಲಿನಿಂದಲೂ ರೂಢಿ. ಇಷ್ಟಾದರೂ ತೃಪ್ತಿಯಿಲ್ಲದೆ, ಮೂರನೆಯ ದಿನ ನಮ್ಮ ದೂರುಗಳ ಪಟ್ಟಿ ಹಿಡಿದು ಇಬ್ಬರು ಅತಿಥಿ ಸೇವೆಯ ಕೌಂಟರಿಗೆ ಹೋದರು. ಅಲ್ಲಿಯ ಹುಡುಗಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ನಗುತ್ತಲೇ ಹೇಳಿದಳು: "ಇದು ಶಾಲೆಗಳ ರಜಾ ವಾರ. ಹಡಗಿನಲ್ಲಿ ಮಕ್ಕಳೇ ಸಾವಿರಕ್ಕೂ ಮಿಕ್ಕಿ ಇದ್ದಾರೆ. ಹೆಚ್ಚಿನ ಕೋಣೆಗಳಲ್ಲಿ ಮೂವರು, ನಾಲ್ವರು." ನಮ್ಮ ಕೋಣೆಗಳ ಸಂಖ್ಯೆಯನ್ನು ಕೇಳಿ ಬರೆದುಕೊಂಡಳು. ನಮ್ಮವರು ಏನೋ ಕೆಲಸವಾದೀತೆಂದು ಸಮಾಧಾನಗೊಂಡು ಬಂದರು.

ಅವಳು ಹೇಳಿದ್ದರ ಅರ್ಥ ನಮಗೆ ತಡವಾಗಿ ತಿಳಿಯಿತು. ವಿಹಾರ ನೌಕೆಗಳ ಉದ್ಯಮದಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಕೋಣೆಯೊಂದಕ್ಕೆ ಇಬ್ಬರು ಎಂದೇ ಹಡಗಿನ ಸಾಮರ್ಥ್ಯವನ್ನು ಹೇಳುವುದು. ಕೆಳಗಿನ ಎರಡು ಹಾಸಿಗೆಗಳು ಮಾತ್ರ ಲೆಕ್ಕಕ್ಕೆ, ಮೇಲ್ಮಂಚಗಳಿಗೆ ಲೆಕ್ಕವಿಲ್ಲ. ಆದುದರಿಂದ ಪ್ರತಿ ಕೋಣೆಯಲ್ಲಿಯೂ ಇಬ್ಬರಿದ್ದರೆ ಹಡಗು ಶೇಕಡ 100 ತುಂಬಿದಂತೆ. ಮಕ್ಕಳು ಬಂದಾಗ ಅದು ನೂರನ್ನು ದಾಟುತ್ತದೆ. ದೊಡ್ಡ ಕಂಪನಿಗಳು ತಮ್ಮ ವಾರ್ಷಿಕ ವರದಿಗಳಲ್ಲಿ ನೂರಕ್ಕೂ ಮೀರಿದ ಅಂಕಿಯನ್ನು ಸಂತೋಷದಿಂದಲೇ ಪ್ರಕಟಿಸುತ್ತವೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗನ್ನೇ ನೋಡಬಹುದು. ಇಬ್ಬರ ಲೆಕ್ಕದಲ್ಲಿ ಅದರ ಸಾಮರ್ಥ್ಯ 5,610. ಎಲ್ಲ ಮಂಚಗಳೂ ತುಂಬಿದರೆ 7,600. ನಡುವಣ ಸುಮಾರು ಎರಡು ಸಾವಿರ ಮಂದಿ ಬಹುಪಾಲು ಮೇಲ್ಮಂಚದವರು, ಸೋಫಾ ಹಾಸಿಗೆಯವರು, ಅಂದರೆ ಮಕ್ಕಳು. ಆ ಎರಡು ಸಾವಿರ ಮಂದಿ ರಜೆಯ ವಾರಗಳಲ್ಲಿ ಬರುತ್ತಾರೆ, ಮಿಕ್ಕ ವಾರಗಳಲ್ಲಿ ಶಾಲೆಯಲ್ಲಿರುತ್ತಾರೆ. ಲಿಫ್ಟುಗಳ ಸಂಖ್ಯೆಯಾಗಲಿ ಕೊಳಗಳ ಅಗಲವಾಗಲಿ ವಾರದಿಂದ ವಾರಕ್ಕೆ ಬದಲಾಗುವುದಿಲ್ಲ.

ಹಡಗು ಚಿಕ್ಕದಾದುದರಿಂದ ಜನಜಂಗುಳಿ ಎನ್ನುವಂತಿಲ್ಲ. 1912ರಲ್ಲಿ ಮುಳುಗಿದ ಟೈಟಾನಿಕ್ಕಿನ ಗಾತ್ರ 46,000 ಟನ್ನುಗಳನ್ನು ಸ್ವಲ್ಪ ದಾಟಿತ್ತು. ಇಲ್ಲಿ ಟನ್ ಎಂದರೆ ತೂಕವಲ್ಲ, ಹಡಗಿನೊಳಗಿನ ಅವಕಾಶದ ಅಳತೆ. 'ಐಕಾನ್' ಹಡಗಿನದು 2,48,000ಕ್ಕೂ ಹೆಚ್ಚು, ಐದು ಪಟ್ಟಿಗೂ ಮೀರಿ. ಆದರೆ ಜನರು ಹಡಗಿನ ತುಂಬ ಸಮವಾಗಿ ಹರಡಿಕೊಂಡಿರುವುದಿಲ್ಲವಲ್ಲ. ಎಂಟೂವರೆಗೆ ಎಲ್ಲರಿಗೂ ತಿಂಡಿ ಬೇಕು, ಹನ್ನೊಂದಕ್ಕೆ ಎಲ್ಲರಿಗೂ ಕೊಳ ಬೇಕು, ಬಂದರಿನಿಂದ ಹಿಂದಿರುಗುವಾಗ ಎಲ್ಲರಿಗೂ ಒಂದೇ ಅರ್ಧ ಗಂಟೆಯಲ್ಲಿ ಲಿಫ್ಟು ಬೇಕು.

ನಮ್ಮಲ್ಲೊಬ್ಬರು ಕಾಗದದ ಕರವಸ್ತ್ರದ ಮೇಲೆ ನಮ್ಮದೇ ಲೆಕ್ಕ ಹಾಕಿದರು. ಏಳು ಕೋಣೆ, ಇಬ್ಬರಂತೆ ಹದಿನಾಲ್ಕು ಮಂದಿ ಇರಬೇಕಾಗಿತ್ತು. ನಾವು ಇಪ್ಪತ್ತಮೂರು. ಶೇಕಡ 164. ಹಡಗಿನ ಸರಾಸರಿಯನ್ನು ಮೇಲಕ್ಕೆತ್ತಿದವರಲ್ಲಿ ನಮ್ಮದೇ ಮುಂದಿನ ಸಾಲು. ಆ ಹೊತ್ತಿಗೆ ಎಲ್ಲರೂ ನಕ್ಕೆವು. ಆ ನಗು ಮರುದಿನ ಸಂಜೆಯವರೆಗೆ ಮಾತ್ರ ಉಳಿಯಿತು.

ನಾಲ್ಕನೆಯ ದಿನ ರೊವಾಟಾನ್. ಮೇಷ್ಟರೂ ಅಜ್ಜಿಯೂ ಬಂದರಿನ ಬಳಿಯೇ ನೆರಳಿನಲ್ಲಿ ಕುಳಿತಿದ್ದು, ನಾಲ್ಕು ಗಂಟೆಯ ಸುಮಾರಿಗೆ ನಮ್ಮಲ್ಲೊಬ್ಬರ ಜೊತೆ ಹಡಗಿಗೆ ಮರಳಿದರು. ಮಕ್ಕಳಲ್ಲಿ ಹೆಚ್ಚಿನವರು ಮೊದಲೇ ಹಿಂದಿರುಗಿದ್ದರು. ಭದ್ರತಾ ತಪಾಸಣೆ ಮುಗಿಸಿ ಎರಡನೆಯ ಅಂತಸ್ತಿನ ಲಿಫ್ಟುಗಳ ಮುಂದೆ ಬಂದರೆ, ಮರಳು ಮೆತ್ತಿದ ಕಾಲುಗಳ, ಮಗುವಿನ ತಳ್ಳುಗಾಡಿಗಳ, ಗಾಲಿಕುರ್ಚಿಗಳ ದೊಡ್ಡ ಗುಂಪು. ಮೇಷ್ಟರು ವಾಕರ್ ಹಿಡಿದು ನಿಂತರು. ಅವರ ಕೋಣೆ ಒಂಬತ್ತನೆಯ ಅಂತಸ್ತಿನಲ್ಲಿ. ಒಂದಾದ ಮೇಲೊಂದರಂತೆ ಲಿಫ್ಟುಗಳು ಬಂದವು. ಪ್ರತಿಯೊಂದೂ ಮೇಲಿನಿಂದಲೇ ತುಂಬಿ ಬಂದು ಹಾಗೆಯೇ ಹಿಂದಿರುಗಿತು. ಇಪ್ಪತ್ತು ನಿಮಿಷ ಕಳೆಯಿತು. ಅಷ್ಟರಲ್ಲಿ ಎದುರಿನ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ನಮ್ಮವೇ ಐದು ಮಕ್ಕಳು, ಜೊತೆಗೆ ಹೊಸದಾಗಿ ಗೆಳೆಯರಾದ ಇನ್ನಾರೋ ನಾಲ್ವರು. ಕೊಳದಿಂದ ಎದ್ದು ಬಂದ ಒದ್ದೆ ಬಟ್ಟೆಯಲ್ಲಿಯೇ ಇದ್ದರು. ಎರಡು ತಂಡಗಳಾಗಿ ಎರಡು ಲಿಫ್ಟುಗಳಲ್ಲಿ ಹದಿನೈದನೆಯ ಅಂತಸ್ತಿನಿಂದ ಕೆಳಗಿನವರೆಗೆ ಯಾರು ಮೊದಲು ಹೋಗಿ ಬರುತ್ತಾರೆಂಬ ಪಂದ್ಯ ನಡೆದಿತ್ತು. ಮೇಷ್ಟರನ್ನು ಕಂಡೊಡನೆ ಹನ್ನೊಂದು ವರ್ಷದ ಮೊಮ್ಮಗ ಉತ್ಸಾಹದಿಂದ "ಹಾಯ್ ತಾತಾ!" ಎಂದು ಕೂಗಿ ಕೈ ಬೀಸಿದ. ಬಾಗಿಲು ಮುಚ್ಚಿತು. ಲಿಫ್ಟು ಮೇಲೇರಿತು.

ಮೇಷ್ಟರೂ ಕೈ ಬೀಸಿದ್ದರು. ಬಾಗಿಲು ಮುಚ್ಚಿದ ಮೇಲೂ ಅವರ ಕೈ ಒಂದು ಕ್ಷಣ ಹಾಗೆಯೇ ಮೇಲಿತ್ತು ಎಂದು ಜೊತೆಗಿದ್ದವರು ಆಮೇಲೆ ಹೇಳಿದರು.

"ನಿಂತು ನಿಂತು ಕಾಲು ಹಿಡಿದುಕೊಂಡಿದೆ, ನಿಧಾನಕ್ಕೆ ಮೆಟ್ಟಿಲು ಹತ್ತೋಣ" ಎಂದು ಮೇಷ್ಟರೇ ಹೊರಟರು. ತಡೆದರೂ ಕೇಳಲಿಲ್ಲ. ಮೂರು ಅಂತಸ್ತು ಹತ್ತುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಮೆಟ್ಟಿಲ ತಿರುವಿನಲ್ಲಿ ಕಂಬಳಿಯ ಮೇಲೆಯೇ ಕುಳಿತುಬಿಟ್ಟರು. ಸಿಬ್ಬಂದಿಯೊಬ್ಬರು ಗಾಲಿಕುರ್ಚಿ ತಂದು, ತಮ್ಮ ಕೆಲಸದ ಲಿಫ್ಟಿನಲ್ಲಿ ಅವರನ್ನು ಕೋಣೆಗೆ ಮುಟ್ಟಿಸಿದರು. ರಾತ್ರಿಗೆ ಮಂಡಿ ಬಾತುಕೊಂಡಿತು. ಹಡಗಿನ ವೈದ್ಯರು ನೋಡಿ, ಎರಡು ದಿನ ಕಾಲಿಗೆ ಭಾರ ಹಾಕಬಾರದೆಂದರು.

ಮರುದಿನ ಕೋಸ್ಟಾ ಮಾಯಾ.

ಗಾಲಿಕುರ್ಚಿಯಲ್ಲಿ ಕರೆದೊಯ್ಯುತ್ತೇವೆಂದು ನಾವು ಹಟ ಹಿಡಿದೆವು. ಬಸ್ಸಿನ ಎತ್ತರದ ಮೆಟ್ಟಿಲು, ಬೇರು ಕಲ್ಲುಗಳ ಕಾಡುಹಾದಿ, ಜೂನ್ ತಿಂಗಳ ಸೆಕೆ ಎಲ್ಲವನ್ನೂ ಯೋಚಿಸಿದ ಮೇಷ್ಟರು ತಲೆಯಾಡಿಸಿದರು. "ನೀವು ಹೋಗಿ ಬನ್ನಿ. ಮಕ್ಕಳಿಗೆ ಸರಿಯಾಗಿ ತೋರಿಸಿ. ಮೆಟ್ಟಿಲು ಎಷ್ಟಿವೆ, ಕಲ್ಲನ್ನು ಹೇಗೆ ಜೋಡಿಸಿದ್ದಾರೆ, ನೋಡಿಕೊಂಡು ಬರೋಕೆ ಹೇಳಿ" ಎಂದರು. ಅಜ್ಜಿ ಅವರ ಜೊತೆ ಉಳಿದರು. ಹತ್ತೊಂಬತ್ತು ಮಂದಿ ಹೋದೆವು. ಕಾಕಾ, "ಮೇಷ್ಟ್ರು ಇಲ್ಲದ ನಾ ಹೋಗಿ ಏನ್ ತಿಳ್ಕೊಳ್ಳಲಿ" ಎನ್ನುತ್ತ ಕಾಕು ಜೊತೆಗೆ ಹಡಗಿನಲ್ಲಿಯೇ ನಿಂತರು. ಕಾಡಿನ ನಡುವೆ ಹಸಿರು ಹುಲ್ಲಿನ ಮೇಲೆ ಎದ್ದ ಆ ಮೆಟ್ಟಿಲು ಮೆಟ್ಟಿಲಾದ ಗುಡಿಯ ಮುಂದೆ ನಿಂತಾಗ ನಮ್ಮಲ್ಲಿ ಯಾರಿಗೂ ವಿವರಿಸಲು ಬರಲಿಲ್ಲ. ವಿವರಿಸಬಲ್ಲವರು ಒಂಬತ್ತನೆಯ ಅಂತಸ್ತಿನಲ್ಲಿ ಮಂಡಿಗೆ ಮಂಜುಗಡ್ಡೆ ಇಟ್ಟುಕೊಂಡು ಕುಳಿತಿದ್ದರು.

ಹಡಗಿನಲ್ಲಿ ಉಳಿದ ನಾಲ್ವರಿಗೆ ಅಂದು ಬೇರೊಂದು ಅನುಭವವಾಯಿತು. ಎಲ್ಲರೂ ಇಳಿದುಹೋದ ಹಡಗು ನಿಶ್ಶಬ್ದವಾಗಿತ್ತು. ಬಫೆಯಲ್ಲಿ ಮೇಜು ಒರೆಸುತ್ತಿದ್ದ ಹುಡುಗನೊಬ್ಬ ಇವರ ಮಾತು ಕೇಳಿ ತಟ್ಟನೆ ತಿರುಗಿ, "ಹ್ವಾಯ್, ನೀವ್ ಕನ್ನಡದವ್ರಾ?" ಎಂದನಂತೆ. ಕುಂದಾಪುರದ ಕಡೆಯವನು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಇಂಥ ಹಡಗುಗಳಲ್ಲಿ ದುಡಿಯುತ್ತಾರೆಂದು ಕೇಳಿದ್ದೆವಷ್ಟೆ. ಎರಡು ದಿನಗಳಿಂದ ಅದೇ ಬಫೆಯಲ್ಲಿ ಉಂಡರೂ ನಮ್ಮ ಗಡಿಬಿಡಿಯಲ್ಲಿ ಅವನ ಮುಖವನ್ನೇ ನಾವು ನೋಡಿರಲಿಲ್ಲ. ಅವನು ಅಡುಗೆಮನೆಯಿಂದ ಬಿಸಿ ಅನ್ನ, ಮೊಸರು ತಂದುಕೊಟ್ಟು ಹತ್ತು ನಿಮಿಷ ಮಾತನಾಡಿದ. ಎಂಟು ತಿಂಗಳ ಒಪ್ಪಂದ. ಅಷ್ಟೂ ದಿನ ವಾರದ ರಜೆಯೆಂಬುದಿಲ್ಲ. ಊರಿನಲ್ಲಿ ಎರಡು ವರ್ಷದ ಮಗಳಿದ್ದಾಳೆ. ಕೋಣೆ ಸ್ವಚ್ಛಗೊಳಿಸುವ ಅವನ ಗೆಳೆಯನಿಗೆ ರಜೆಯ ವಾರಗಳೆಂದರೆ ಭಯವಂತೆ: ಇಬ್ಬರಿರುವ ಕೋಣೆಗೂ ನಾಲ್ವರಿರುವ ಕೋಣೆಗೂ ಸಿಗುವ ಸಮಯ ಹೆಚ್ಚುಕಡಿಮೆ ಒಂದೇ, ಮೇಲ್ಮಂಚವನ್ನು ರಾತ್ರಿ ಇಳಿಸಿ ಬೆಳಿಗ್ಗೆ ಏರಿಸಬೇಕು, ಟವೆಲು ಇಮ್ಮಡಿ. ಕಡಲ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಪ್ಪಂದವು ದಿನಕ್ಕೆ ಕನಿಷ್ಠ ಹತ್ತು ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಇರಬೇಕೆನ್ನುತ್ತದೆ. ಉಳಿದ ಗಂಟೆಗಳಲ್ಲಿ ದುಡಿಮೆ ಎಷ್ಟಾಗಬಹುದೆಂದು ಕೂಡಿ ಕಳೆದು ನೋಡಿದರೆ ತಿಳಿಯುತ್ತದೆ. "ಮಕ್ಳು ಬಂದ್ರೆ ಖುಷಿಯೇ ಅಮ್ಮ. ನಮ್ಗೂ ಮನೆ ನೆನಪಾತ್ತ್" ಎಂದು ಅವನು ಅಜ್ಜಿಗೆ ಹೇಳಿದನಂತೆ.

ಆ ರಾತ್ರಿ ಊಟವಾದ ಮೇಲೆ ಎಲ್ಲರೂ ಮೇಷ್ಟರ ಕೋಣೆಯಲ್ಲಿ ಸೇರಿದೆವು. ಹಿಡಿಸದವರು ಬಾಗಿಲಲ್ಲಿ ನಿಂತರು. ಮಕ್ಕಳಿಗೆ ತಾತ ಏಕೆ ಬರಲಿಲ್ಲವೆಂಬುದು ಅಲ್ಲಿಯವರೆಗೆ ಸರಿಯಾಗಿ ತಿಳಿದಿರಲಿಲ್ಲ. ನಮ್ಮಲ್ಲೊಬ್ಬರು ತಡೆಯಲಾರದೆ ಲಿಫ್ಟಿನ ಪ್ರಸಂಗವನ್ನು ಹೇಳಿದರು. ದನಿ ಸ್ವಲ್ಪ ಏರಿಯೇ ಇತ್ತು. ಮೊಮ್ಮಗನ ಮುಖ ಬಿಳುಚಿಕೊಂಡಿತು. "ನಾನು ಹಾಯ್ ಅಂದೆ" ಎಂದಷ್ಟೇ ಹೇಳಿದ. ಹೌದು, ಹಾಯ್ ಅಂದಿದ್ದ. ತಾತನಿಗೂ ಲಿಫ್ಟು ಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ.

ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡವಳು, ಹದಿನಾಲ್ಕರ ಹುಡುಗಿ, ತಲೆಯೆತ್ತಿ ಕೇಳಿದಳು: "ನೀವು ಬೆಳಿಗ್ಗೆ ಆರಕ್ಕೇ ಹನ್ನೆರಡು ಕುರ್ಚಿ ಹಿಡಿದಿಟ್ಟಿರಿ. ನಾವು ಅಲ್ಲಿಗೆ ಹೋದದ್ದು ಹತ್ತೂವರೆಗೆ. ಅಷ್ಟು ಹೊತ್ತು ಬೇರೆ ಯಾರ ತಾತ ನಿಂತುಕೊಂಡಿದ್ದರೋ?"

ಯಾರೂ ಉತ್ತರಿಸಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದ ಮೇಷ್ಟರು ಮೊದಲು ನಕ್ಕರು. "ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಿದ ಹಾಗಾಯ್ತು ನಮ್ಮ ಕಥೆ" ಎಂದರು. ಬೈಯಲಿಲ್ಲ. "ನಮ್ಮ" ಎಂದು ತಮ್ಮನ್ನೂ ಸೇರಿಸಿಕೊಂಡೇ ಹೇಳಿದ್ದು ನಮಗೆ ಹೆಚ್ಚು ನಾಟಿತು. ನಾವು ಮೂರು ದಿನ ಶಪಿಸಿದ ಜನಜಂಗುಳಿಯಲ್ಲಿ ನಾವು ಹೊರಗಿನವರಾಗಿರಲಿಲ್ಲ. ಯಾವುದೋ ಇನ್ನೊಂದು ಕುಟುಂಬ ತಟ್ಟೆ ಹಿಡಿದು ಸುತ್ತುವಾಗ, ನಾಲ್ಕು ಖಾಲಿ ಮೇಜು ಜೋಡಿಸಿ ಕಾಯುತ್ತ ಕುಳಿತವರು ನಾವೇ. ಯಾರದೋ ಗಾಲಿಕುರ್ಚಿ ಲಿಫ್ಟಿಗೆ ಕಾಯುವಾಗ, ಬಾಗಿಲಿಗೆ ಕೈ ಅಡ್ಡವಿಟ್ಟು ಕೂಗಿದವರು ನಾವೇ. ಮಕ್ಕಳು ಅದನ್ನೇ ಆಟವಾಗಿಸಿಕೊಂಡಿದ್ದರು, ಅಷ್ಟೆ. ಅತಿಥಿ ಸೇವೆಯ ಹುಡುಗಿ ಕೋಣೆಗಳ ಸಂಖ್ಯೆಯನ್ನು ಬರೆದುಕೊಂಡದ್ದು ನೆನಪಾಗಿ ಕೆಲವರಿಗೆ ನಾಚಿಕೆಯಾಯಿತು.

ಹಡಗಿನಿಂದಿಳಿದ ಜನರ ಭಾರವನ್ನು ಊರುಗಳೂ ಹೊರುತ್ತವೆ. ಕೋಸ್ಟಾ ಮಾಯಾ ಬಂದರಿನ ಪಕ್ಕದ ಮಹಾವಾಲ್ ಒಂದು ಸಣ್ಣ ಮೀನುಗಾರರ ಹಳ್ಳಿಯಾಗಿತ್ತು. ಈಗ ಹಡಗು ಬಂದ ದಿನ ಊರಿನ ಜನರಿಗಿಂತ ಬಂದವರೇ ಹೆಚ್ಚು. ಕೆಲವು ಊರುಗಳು ಸಾಕೆನ್ನತೊಡಗಿವೆ. ಮೇನ್ ರಾಜ್ಯದ ಬಾರ್ ಹಾರ್ಬರ್ ಜನರು 2022ರಲ್ಲಿ ಮತ ಹಾಕಿ, ದಿನಕ್ಕೆ ಸಾವಿರಕ್ಕಿಂತ ಹೆಚ್ಚು ಹಡಗಿನ ಪ್ರಯಾಣಿಕರು ಇಳಿಯಬಾರದೆಂದು ನಿಶ್ಚಯಿಸಿದರು. ಅಲಾಸ್ಕಾದ ಜೂನೋ ನಗರವು 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳೆಂದು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತು. 2026ರಿಂದ ದಿನಕ್ಕೆ 16,000, ಶನಿವಾರ 12,000 ಎಂಬ ಮಿತಿಯನ್ನೂ ಸೇರಿಸಿತು. ಆದರೆ ಜೂನೋದ ಮಿತಿಯಲ್ಲಿಯೂ ಎಣಿಕೆ ಕೆಳಗಿನ ಹಾಸಿಗೆಗಳದೇ. ಮೇಲ್ಮಂಚದ ನಮ್ಮ ಮಕ್ಕಳು ಅಲ್ಲಿಯೂ ಲೆಕ್ಕಕ್ಕಿಲ್ಲ.

ಉಳಿದ ಎರಡು ದಿನಗಳಲ್ಲಿ ನಾವು ದೊಡ್ಡ ಸಾಧನೆಯನ್ನೇನೂ ಮಾಡಲಿಲ್ಲ. ಮಾಡಿದ್ದನ್ನು ಮುಂದೆ ಹೊರಡುವ ಕುಟುಂಬಗಳಿಗಾಗಿ ಇಲ್ಲಿ ಬರೆದಿಡುತ್ತೇವೆ. ಇಪ್ಪತ್ತಮೂರು ಮಂದಿ ಒಂದೇ ಕಡೆ ಊಟಕ್ಕೆ ಕೂರುವ ಆಸೆಯನ್ನು ಬಿಟ್ಟು, ನಾಲ್ಕೈದು ಮಂದಿಯ ಗುಂಪುಗಳಾದೆವು. ತಿಂಡಿಯನ್ನು ಏಳಕ್ಕೆ ತಂದೆವು. ಸಮುದ್ರದ ದಿನ ಮಧ್ಯಾಹ್ನದ ಊಟಕ್ಕೆ ಬಫೆಯ ಬದಲು ಬಡಿಸುವ ಭೋಜನಶಾಲೆಗೆ ಹೋದೆವು. ಕುರ್ಚಿ ಹಿಡಿದಿಡುವುದನ್ನು ನಿಲ್ಲಿಸಿದೆವು. ಕಾಲು ಗಟ್ಟಿಯಿರುವವರಿಗೆ ಐದು ಅಂತಸ್ತುಗಳವರೆಗೆ ಮೆಟ್ಟಿಲೇ ದಾರಿ. ಬಂದರಿನಿಂದ ಮರಳುವಾಗ ಹಿರಿಯರಿದ್ದರೆ ಕೊನೆಯ ಗಂಟೆಯನ್ನು ಬಿಟ್ಟು ಮುಂಚೆಯೇ ಬರುವುದು. ಕೋಣೆ ಕಾದಿರಿಸುವಾಗಲೇ ಹಿರಿಯರದನ್ನು ಲಿಫ್ಟಿಗೆ ಹತ್ತಿರ, ಕೆಳ ಅಂತಸ್ತಿನಲ್ಲಿ ಕೇಳುವುದು; ಗಾಲಿಕುರ್ಚಿಯ ನೆರವು ಬೇಕೆಂದು ಮೊದಲೇ ತಿಳಿಸುವುದು. ಊಟಕ್ಕೆ ಮುಂಚೆ ಸೋಪು ನೀರಿನಲ್ಲಿ ಕೈ ತೊಳೆಯುವುದು: ಹಡಗುಗಳಲ್ಲಿ ವಾಂತಿಭೇದಿ ಹರಡುವ ನೋರೋವೈರಸ್ಸಿಗೆ ಬಾಗಿಲಲ್ಲಿ ಹಾಕುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ನಮ್ಮದೋ ಕೈಯಲ್ಲಿ ಉಣ್ಣುವ ಪದ್ಧತಿ. ಸಾಧ್ಯವಿದ್ದವರು ಶಾಲೆ ನಡೆಯುವ ವಾರಗಳಲ್ಲಿ ಹಿರಿಯರನ್ನು ಮಾತ್ರ ಕರೆದೊಯ್ಯುವುದು. ಅದೇ ಹಡಗು ಬೇರೊಂದು ಹಡಗಾಗಿರುತ್ತದೆ.

ಮಕ್ಕಳು ಯಾರೂ ಹೇಳದೆಯೇ ಒಂದು ಪಟ್ಟಿ ಮಾಡಿಕೊಂಡರು. ಮೇಷ್ಟರು ಎಲ್ಲಿಗೆ ಹೋಗಬೇಕಾದರೂ ಇಬ್ಬರು ಜೊತೆಗೆ. ಒಬ್ಬರು ಗಾಲಿಕುರ್ಚಿಗೆ, ಒಬ್ಬರು ಲಿಫ್ಟಿಗೆ. ಕೊಝುಮೆಲ್ಲಿನ ದಿನ ಮೊಮ್ಮಗ ಇಳಿಯಲೇ ಇಲ್ಲ. ಚಾಕ್ಚೊಬೆನ್ನಿನಲ್ಲಿ ತೆಗೆದ ಎಪ್ಪತ್ತು ಚಿತ್ರಗಳನ್ನು ಒಂದೊಂದಾಗಿ ತಾತನಿಗೆ ತೋರಿಸಿದ. ಮೇಷ್ಟರು ಪ್ರತಿ ಚಿತ್ರಕ್ಕೂ ಪ್ರಶ್ನೆ ಕೇಳಿದರು. ಹೆಚ್ಚಿನವಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ನೋಡಬೇಕಾಗಿದ್ದನ್ನು ನೋಡದೆ ಬಂದಿದ್ದೇವೆಂದು ಅವನಿಗೂ ನಮಗೂ ಆಗ ತಿಳಿಯಿತು. ಆ ನಷ್ಟವನ್ನು ಚಿತ್ರಗಳು ತುಂಬಲಿಲ್ಲ. ಮೇಷ್ಟರು ತುಂಬಿತೆಂದು ನಟಿಸಲೂ ಇಲ್ಲ.

ಕೊನೆಯ ದಿನಕ್ಕೆ ಮುಂಚಿನ ರಾತ್ರಿ ಅಜ್ಜಿ ಒಂದು ಗುಟ್ಟು ಹೊರಹಾಕಿದರು. ಮೇಷ್ಟರು ಊರಿನ ಅಭ್ಯಾಸದಂತೆ ನಾಲ್ಕೂವರೆಗೆ ಏಳುತ್ತಾರೆ. ಮೊದಲ ದಿನದಿಂದಲೂ ಐದು ಗಂಟೆಗೆ ಒಬ್ಬರೇ ಲಿಫ್ಟಿನಲ್ಲಿ ಇಳಿದು, ಜೀವರಕ್ಷಕ ದೋಣಿಗಳನ್ನು ತೂಗುಹಾಕಿರುವ ಅಂತಸ್ತಿನ ಓಣಿಯಲ್ಲಿ ಕುಳಿತು ಬರುತ್ತಾರೆ. ಮಂಡಿ ನೋವಾದ ಮೇಲೂ ಗಾಲಿಕುರ್ಚಿಯಲ್ಲಿ ಅಜ್ಜಿ ತಳ್ಳಿಕೊಂಡು ಹೋಗಿದ್ದಾರೆ. "ಆ ಹೊತ್ತಿನಲ್ಲಿ ಒಂದು ನರಪಿಳ್ಳೆಯೂ ಇರೋದಿಲ್ಲ. ಲಿಫ್ಟು ಕರೆದ ತಕ್ಷಣ ಬರುತ್ತೆ" ಎಂದರು ಅಜ್ಜಿ. ಇಡೀ ಹಡಗಿನಲ್ಲಿ ಸ್ಥಳವಿಲ್ಲವೆಂದು ನಾವು ಗೋಳಾಡುತ್ತಿದ್ದ ವಾರವೆಲ್ಲ ಅವರು ತಮ್ಮ ಸ್ಥಳವನ್ನು ಕಂಡುಕೊಂಡಿದ್ದರು.

ಮರುದಿನ ಐದೂಕಾಲಕ್ಕೆ ನಾವೂ ಅಲ್ಲಿಗೆ ಹೋದೆವು. ಕತ್ತಲು ಇನ್ನೂ ಪೂರ್ತಿ ಕರಗಿರಲಿಲ್ಲ. ನೀರು ಸೀಳುವ ಸದ್ದು ಮಾತ್ರ. ಮೇಷ್ಟರು ದೋಣಿಯೊಂದರ ಕೆಳಗೆ ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಮೊದಲು ಹೋದ ಇಬ್ಬರಿಗೆ ದೋಣಿಯ ಮೈಮೇಲೆ ಬರೆದಿದ್ದ ಅಂಕಿಯನ್ನು ತೋರಿಸಿದರು. ಆ ದೋಣಿಯಲ್ಲಿ ಎಷ್ಟು ಮಂದಿ ಕೂರಬಹುದೆಂಬ ಸಂಖ್ಯೆ. ಟೈಟಾನಿಕ್ ಮುಳುಗಿದಾಗ ದೋಣಿಗಳು ಸಾಲದೆ ಹೋದದ್ದನ್ನೂ, 1914ರಲ್ಲಿ ಕಡಲಿನ ಜೀವರಕ್ಷಣೆಗೆ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾದದ್ದನ್ನೂ ಪಾಠದಂತೆಯೇ ಹೇಳಿದರು. ಈಗ ದೋಣಿ ಮತ್ತು ತೆಪ್ಪಗಳಲ್ಲಿ ಹಡಗಿನ ಪ್ರತಿಯೊಬ್ಬರಿಗೂ ಸ್ಥಳವಿರಲೇಬೇಕು. ಮೇಲ್ಮಂಚ ಖಾಲಿಯಿದ್ದರೂ ಕೆಲವೊಮ್ಮೆ ಮೂರನೆಯವರಿಗೆ ಟಿಕೆಟ್ ಕೊಡದಿರುವುದು ಇದಕ್ಕೇ: ಆ ಭಾಗದ ದೋಣಿಯ ಲೆಕ್ಕ ತುಂಬಿರುತ್ತದೆ. ಹೊರಟ ದಿನ ಪ್ರತಿಯೊಬ್ಬರೂ ತಮ್ಮ ಸೇರುವ ಸ್ಥಳಕ್ಕೆ ಹೋಗಿ ಗುರುತು ಹಾಕಿಸಿಕೊಂಡದ್ದು ನಮಗೆ ನೆನಪಾಯಿತು. 2012ರ ಕೋಸ್ಟಾ ಕಾಂಕಾರ್ಡಿಯಾ ದುರಂತದಲ್ಲಿ 32 ಮಂದಿ ಸತ್ತ ಮೇಲೆ ಆ ನಿಯಮ ಬಿಗಿಯಾಯಿತು. ಅಂದು ಆರು ವರ್ಷದ ಮಗುವಿನ ಕಾರ್ಡನ್ನೂ ಬೇರೆಯಾಗಿ ತೋರಿಸಬೇಕಾದಾಗ ನಾವು ಗೊಣಗಿದ್ದೆವು.

"ವ್ಯಾಪಾರದ ಲೆಕ್ಕದಲ್ಲಿ ಮಕ್ಕಳನ್ನ ಬಿಟ್ಟಿದ್ದಾರೆ. ಈ ಲೆಕ್ಕದಲ್ಲಿ ಮಾತ್ರ ಯಾರನ್ನೂ ಬಿಟ್ಟಿಲ್ಲ ನೋಡಿ" ಎಂದರು ಮೇಷ್ಟರು.

ಅಷ್ಟರಲ್ಲಿ ಕಾಕಾ, ಕಾಕು ಬಂದರು. ನಿದ್ದೆಗಣ್ಣಿನ ಮಕ್ಕಳು ಹೊದಿಕೆ ಹೊದ್ದುಕೊಂಡು ಬಂದರು. ಯಾರೋ ಚಹಾದ ಲೋಟಗಳನ್ನು ತಂದರು. ಇನ್ನಾರೋ ಎರಡು ಕುರ್ಚಿ ಎಳೆದರು. ಪೂರ್ವದಲ್ಲಿ ಕೆಂಪು ಮೂಡುವ ಹೊತ್ತಿಗೆ ಆ ಕಿರಿದಾದ ಓಣಿಯಲ್ಲಿ ಇಪ್ಪತ್ತಮೂರು ಮಂದಿಯೂ ಒಬ್ಬರ ಭುಜಕ್ಕೆ ಒಬ್ಬರು ತಾಗಿಕೊಂಡು ನಿಂತಿದ್ದೆವು. ಬೆಳಗಿನ ಓಟಕ್ಕೆ ಬಂದ ಒಬ್ಬ ವೃದ್ಧ ದಂಪತಿಗೆ ದಾರಿಯೇ ಇರಲಿಲ್ಲ.

ಮೇಷ್ಟರು ನಮ್ಮನ್ನೆಲ್ಲ ಒಮ್ಮೆ ನೋಡಿ, "ಬಂತಲ್ಲಪ್ಪ ಜನಜಂಗುಳಿ!" ಎಂದರು.

ಎಲ್ಲರೂ ನಕ್ಕೆವು. ಮೊಮ್ಮಗ ಗಾಲಿಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿದ. ಉಳಿದವರೂ ಸರಿದು ಆ ದಂಪತಿಗೆ ದಾರಿ ಬಿಟ್ಟೆವು.